ರಂಗಮ್ಮನ ಗುಳಿಗೆ

ಬೆಂಗಳೂರಿನಿಂದ ಬಂದ ಕಂದು ಲಕೋಟೆಯನ್ನು ಯಜ್ಞನಾರಾಯಣರು ಮಿಕ್ಕ ಕಾಗದಗಳ ಜೊತೆ ಪೋಸ್ಟ್‌ಮನ್ ಕೈಗೆ ಕೊಡಲಿಲ್ಲ. ಮೇಲೆ ಮಗನ ಹೆಸರಿತ್ತು. ಸಾಗರದ ಪೋಸ್ಟಾಫೀಸಿನಲ್ಲಿ ಪೋಸ್ಟ್‌ಮಾಸ್ಟರಾಗಿ ಆರು ವರ್ಷ, ಅದಕ್ಕೆ ಮೊದಲು ಬೇರೆ ಬೇರೆ ಊರುಗಳಲ್ಲಿ ಗುಮಾಸ್ತರಾಗಿ ಹದಿನೆಂಟು ವರ್ಷ ದುಡಿದಿದ್ದ ಅವರು ಇನ್ನೊಬ್ಬರ ಹೆಸರಿನ ಕಾಗದವನ್ನು ಎಂದೂ ಒಡೆದವರಲ್ಲ. ಲಕೋಟೆಯನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆಗೆ ನಡೆದರು. ಬಾಡಿಗೆ ಮನೆ ಹಿಂದಿನ ಬೀದಿಯಲ್ಲೇ ಇತ್ತು.

ಮಗ ಸುಬ್ಬಕೃಷ್ಣನಿಗೆ ಇಪ್ಪತ್ತಮೂರು ವರ್ಷ. ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಜಕ್ಕೂರಿನ ವಿಮಾನ ಶಾಲೆ ಸೇರಿ ಎರಡು ವರ್ಷವಾಗಿತ್ತು. ಇನ್ನೂರು ಗಂಟೆ ಹಾರಿದ್ದ. ಬರವಣಿಗೆಯ ಪರೀಕ್ಷೆಗಳನ್ನೆಲ್ಲ ಮುಗಿಸಿದ್ದ. ಪ್ರಯಾಣಿಕರನ್ನು ಕೂರಿಸಿಕೊಂಡು ಹಾರುವ ಲೈಸೆನ್ಸಿಗೆ ಇನ್ನು ಬೇಕಿದ್ದದ್ದು ವೈದ್ಯಕೀಯ ಮಂಡಳಿಯ ಸರ್ಟಿಫಿಕೇಟೊಂದೇ. ಆ ಪರೀಕ್ಷೆಗೆ ಹೋಗಿ, ವಾರದ ಹಿಂದೆ ಊರಿಗೆ ಬಂದಿದ್ದ. ಹೇಗಾಯ್ತು ಎಂದು ಕೇಳಿದವರಿಗೆಲ್ಲ "ಕಾಗದ ಬರ್ತದೆ" ಎಂದಷ್ಟೇ ಹೇಳುತ್ತಿದ್ದ.

ತಾಯಿ ಸರಸ್ವತಮ್ಮ ಕಳಲೆ ಪಲ್ಯ ಬಡಿಸುತ್ತಿದ್ದಳು. ಯಜ್ಞನಾರಾಯಣರು ಮಗನ ಎಲೆಯ ಪಕ್ಕದಲ್ಲಿ ಲಕೋಟೆ ಇಟ್ಟರು. ಅವನು ಎಡಗೈಯಿಂದಲೇ ಒಡೆದು ಓದಿ, ಮತ್ತೆ ಮಡಚಿದ.

"ಗಟ್ಟಿಯಾಗಿ ಓದು," ಎಂದರು ತಂದೆ.

"ತಾತ್ಕಾಲಿಕವಾಗಿ ಅನರ್ಹ."

"ಯಾಕಂತೆ?"

ಸುಬ್ಬಕೃಷ್ಣ ಮತ್ತೆ ಕಾಗದ ಬಿಡಿಸಿ, ಇಂಗ್ಲಿಷನ್ನು ಕನ್ನಡ ಮಾಡುತ್ತ ಓದಿದ. ಎರಡೂ ಕಣ್ಣಿನ ಪಾಪೆ ಅಗಲವಾಗಿವೆ. ಹತ್ತಿರದ ಅಕ್ಷರ ಓದಲು ತೊಂದರೆ. ನಾಡಿ ನಿಮಿಷಕ್ಕೆ ನೂರ ಹನ್ನೆರಡು. ಯಾವುದೋ ಔಷಧ ಅಥವಾ ಮಾದಕ ವಸ್ತು ಸೇವಿಸಿರುವ ಶಂಕೆ ಇದೆ. ಎಂಟು ವಾರದ ನಂತರ ಮತ್ತೆ ಹಾಜರಾಗಬೇಕು. ಹಿಂದಿನ ಕಾಯಿಲೆ, ತೆಗೆದುಕೊಂಡ ಔಷಧ, ಅದರಲ್ಲಿರುವ ಪದಾರ್ಥ ಎಲ್ಲವನ್ನೂ ತಿಳಿಸಬೇಕು.

"ಮಾದಕ ವಸ್ತು ಅಂದ್ರೆ ಎಂತ? ಗಾಂಜಾ ಗಿಂಜಾ ಸೇದಿದ್ಯೇನೋ?" ಯಜ್ಞನಾರಾಯಣರ ಕೈ ಅನ್ನದಲ್ಲೇ ನಿಂತಿತು.

"ಇಲ್ಲ ಅಪ್ಪಯ್ಯ."

"ಮತ್ತೆ ಸುಮ್ನೆ ಬರೀತಾರಾ ಅವರು? ಅಲ್ಲಿ ಯಾರ್ಯಾರ ಸಹವಾಸ ಮಾಡ್ಕೊಂಡಿದ್ದೀಯೋ!"

ಸಾರಿನ ಪಾತ್ರೆ ಹಿಡಿದು ಬಂದ ತಂಗಿ ಜಲಜಾಕ್ಷಿ ಅಣ್ಣನ ಮುಖ ನೋಡಿದಳು. ಅವಳು ಪಿ.ಯು.ಸಿ. ಓದುತ್ತಿದ್ದಳು. "ಅತ್ತೆ ಗುಳಿಗೆ ಇರ್ಬೇಕು ಅಪ್ಪಯ್ಯ," ಎಂದಳು. "ಅಣ್ಣ ಕೆಮ್ಮು ಅಂತ ಬರೆದಿದ್ನಲ್ಲ. ಅತ್ತೆ ಕೊಟ್ರು, ನಾನೇ ಪಾರ್ಸೆಲ್ ಹೊಲಿದು ಕಳಿಸಿದ್ದು."

ಒಲೆಯ ಮುಂದೆ ಕೂತಿದ್ದ ರಂಗಮ್ಮ ಎದ್ದು ಬಾಗಿಲಿಗೆ ಬಂದಳು. ಯಜ್ಞನಾರಾಯಣರ ಅಕ್ಕ ಅವಳು. ಐವತ್ತೆಂಟು ವರ್ಷ. ತೀರ್ಥಹಳ್ಳಿಯಲ್ಲಿ ಗಂಡ ತೀರಿಹೋದಾಗ ಅವಳಿಗೆ ಇಪ್ಪತ್ತಾರು. ವಿಧವೆಯ ಕೆಂಪು ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು ತಮ್ಮನ ಮನೆಗೆ ಬಂದವಳು ಇಲ್ಲೇ ಉಳಿದಿದ್ದಳು. ಗಂಡನ ಮನೆಯಿಂದ ಅವಳು ತಂದದ್ದು ಒಂದೇ: ಮಾವ ಹೇಳಿಕೊಟ್ಟ ಉಬ್ಬಸದ ಮದ್ದು. ಇಕ್ಕೇರಿ, ವರದಮೂಲದ ಕಡೆಯಿಂದಲೂ ಜನ ಗುಳಿಗೆಗೆ ಬರುತ್ತಿದ್ದರು. ಅವಳು ಒಂದು ತೆಂಗಿನಕಾಯಿಗಿಂತ ಹೆಚ್ಚು ಯಾರಿಂದಲೂ ತೆಗೆದುಕೊಂಡವಳಲ್ಲ.

"ನನ್ನ ಗುಳಿಗೆಗೆ ಎಂತ ಆಗಿದೆ?" ಎಂದಳು. "ಆರು ವರ್ಷದ ಕೂಸು ಉಸಿರು ಸಿಗದೆ ದಿಂಬಿಗೆ ಒರಗಿ ಕೂತಿರ್ತಿದ್ದಾಗ ನಿಮ್ಮ ಬೆಂಗಳೂರಿನ ಡಾಕ್ಟ್ರು ಬಂದಿದ್ರಾ? ಅದೇ ಗುಳಿಗೆ ತಿಂದು ಬದುಕಿದೋನು ಇವನು."

"ಎಷ್ಟು ತಿಂದೆ?" ಎಂದು ಸರಸ್ವತಮ್ಮ ಮಗನನ್ನು ಕೇಳಿದಳು.

"ದಿನಾ ಒಂದು. ಪರೀಕ್ಷೆ ದಿನ ಬೆಳಿಗ್ಗೆ ಎರಡು. ಅಲ್ಲಿ ಕೆಮ್ಮು ಬರೋದು ಬೇಡ ಅಂತ."

"ಮದ್ದು ತಗೊಳ್ತೀಯಾ ಅಂತ ಅವರು ಕೇಳ್ಲಿಲ್ವಾ?"

"ಕೇಳಿದ್ರು."

"ಎಂತ ಹೇಳ್ದೆ?"

"ಇಲ್ಲ ಅಂದೆ." ಸುಬ್ಬಕೃಷ್ಣ ತಲೆ ತಗ್ಗಿಸಿದ. "ಹೌದು ಅಂದ್ರೆ ಯಾಕೆ ಅಂತ ಕೇಳ್ತಾರೆ. ಉಬ್ಬಸ ಅನ್ನಬೇಕು. ಉಬ್ಬಸ ಇದ್ದೋರಿಗೆ ಲೈಸೆನ್ಸ್ ಕೊಡಲ್ಲ ಅಮ್ಮ."

ಯಾರೂ ಮಜ್ಜಿಗೆ ಹಾಕಿಸಿಕೊಳ್ಳಲಿಲ್ಲ.

ಮರುದಿನ ಸುಬ್ಬಕೃಷ್ಣ ಡಾಕ್ಟರ್ ರಾಮಚಂದ್ರಪ್ಪನವರ ಹತ್ತಿರ ಹೋದ. ಊರಿನ ಹಳೆಯ ವೈದ್ಯರು, ಮಾತು ಕಡಿಮೆ. ಕಾಗದ ಓದಿ, ಟಾರ್ಚ್ ಬಿಟ್ಟು ಕಣ್ಣು ನೋಡಿದರು, ಎದೆ ಬೆನ್ನು ಕೇಳಿದರು.

"ಗುಳಿಗೆಯಲ್ಲಿ ಏನಿದೆ?"

"ಗೊತ್ತಿಲ್ಲ ಸಾರ್. ಅತ್ತೆ ಯಾರಿಗೂ ಹೇಳಲ್ಲ."

"ಉಮ್ಮತ್ತಿ ಬೀಜ ಇರಬಹುದು. ಪಾಪೆ ಅಗಲ ಆಗೋದು, ಬಾಯಿ ಒಣಗೋದು, ನಾಡಿ ಓಡೋದು, ಎಲ್ಲಾ ಅದಕ್ಕೇ ಹೊಂದ್ತದೆ. ಆದ್ರೆ ನನ್ನ ಊಹೇನ ನಾನು ಬರೆದುಕೊಡಕ್ಕಾಗಲ್ಲ. ಮಾಡಿದೋರೇ ಹೇಳಬೇಕು." ಅವರು ಕನ್ನಡಕ ತೆಗೆದಿಟ್ಟರು. "ಕೊನೇ ಸಲ ನಿಜವಾಗಿ ಉಬ್ಬಸ ಬಂದಿದ್ದು ಯಾವಾಗ?"

ಸುಬ್ಬಕೃಷ್ಣ ಯೋಚಿಸಿದ. "ಹನ್ನೊಂದನೇ ವರ್ಷದಲ್ಲಿ. ಆಮೇಲೆ ಪ್ರತಿ ಮಳೆಗಾಲ ಗುಳಿಗೆ ಕೊಡ್ತಿದ್ರು, ಬರದೇ ಇರ್ಲಿ ಅಂತ."

"ಹಾಗಾದ್ರೆ ಕಾಯಿಲೆ ಇದೆಯೋ ಹೋಗಿದೆಯೋ ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಗುಳಿಗೆ ಬಿಡು. ಈ ಎಂಟು ವಾರ ಪೂರಾ ಮಳೆ. ಇದಕ್ಕಿಂತ ದೊಡ್ಡ ಪರೀಕ್ಷೆ ಬೆಂಗಳೂರಲ್ಲಿ ಇಲ್ಲ. ವಾರಕ್ಕೊಂದು ಸಲ ಬಾ, ಎದೆ ನೋಡಿ ಬರೆದಿಡ್ತೀನಿ."

"ಬಂದುಬಿಟ್ರೆ?"

"ಬಂದ್ರೆ ಬೇರೆ ಕೆಲಸ ನೋಡ್ಕೋ. ಭೂಮಿ ಮೇಲೂ ಕೆಲಸ ಇದಾವೆ."

ಮನೆಯಲ್ಲಿ ಆ ಸಂಜೆ ದೊಡ್ಡ ಜಗಳವಾಯಿತು. ಪದಾರ್ಥ ಹೇಳಿ ಎಂದರೆ ರಂಗಮ್ಮ ಒಪ್ಪಲಿಲ್ಲ.

"ದೀಪ ಮುಟ್ಟಿ ಆಣೆ ಮಾಡಿದ್ದೀನಿ. ಮಾವ ಹಾಸಿಗೆ ಮೇಲೆ ಇದ್ರು. ಹೊರಗೆ ಹೇಳಿದ್ರೆ ಮದ್ದಿನ ಗುಣ ಹೋಗ್ತದೆ ಅಂದ್ರು. ಪ್ರಾಣ ಹೋದ್ರೂ ಹೇಳಲ್ಲ."

"ಹೇಳೋದೇ ಬೇಡ ಅಕ್ಕ," ಎಂದರು ಯಜ್ಞನಾರಾಯಣರು. ಅವರು ಮಧ್ಯಾಹ್ನವಿಡೀ ಯೋಚಿಸಿ ಒಂದು ದಾರಿ ಕಂಡುಕೊಂಡಿದ್ದರು. "ಸುಬ್ಬು, ಗುಳಿಗೆ ಬಿಡು. ಎಂಟು ವಾರ ಆದ್ಮೇಲೆ ಕಣ್ಣು, ನಾಡಿ ಎಲ್ಲಾ ಸರಿ ಇರ್ತದೆ. ಕಣ್ಣಿಗೆ ಯಾವುದೋ ಹನಿ ಹಾಕಿಸ್ಕೊಂಡಿದ್ದೆ ಅಂತ ಬರೆದುಕೊಡು. ಮುಗೀತು."

"ನೀವು ಹೀಗೆ ಹೇಳ್ತೀರಾ?" ಎಂದಳು ಸರಸ್ವತಮ್ಮ.

"ನಾನು ಮಗನ ತಲೆ ಮೇಲೆ ಕಲ್ಲು ಹಾಕಬೇಕಾ? ಇನ್ನೂರು ಗಂಟೆ ಹಾರಿದ್ದಾನೆ. ಹಣೆಬರಹ ಒಂದು ಶಬ್ದದ ಮೇಲೆ ನಿಂತಿದೆ. ಆ ಶಬ್ದ ಆಡದೇ ಇದ್ರೆ ಆಯ್ತು."

ಸರಸ್ವತಮ್ಮ ಸಾಮಾನ್ಯವಾಗಿ ಗಂಡನ ಮಾತಿಗೆ ಎದುರು ಆಡುವವಳಲ್ಲ. ಮಗ ವಿಮಾನ ಶಾಲೆಗೆ ಸೇರುತ್ತೇನೆಂದಾಗ ನೆಂಟರಿಷ್ಟರೆಲ್ಲ ಬೇಡವೆಂದರೂ, ಹೋಗಲಿ ಎಂದವಳು ಅವಳೊಬ್ಬಳೇ. ಈಗ ಕೈಯಲ್ಲಿದ್ದ ಅಕ್ಕಿಯ ಮೊರ ಕೆಳಗಿಟ್ಟಳು.

"ಇವನ ಹಿಂದೆ ನಲವತ್ತು ಜನ ಕೂತಿರ್ತಾರೆ. ನಲವತ್ತು ತಾಯಂದಿರ ಮಕ್ಕಳು. ಮೇಲೆ ಹೋದಾಗ ಇವನಿಗೆ ಉಸಿರು ಕಟ್ಟಿದ್ರೆ ಅವರು ಇಳಿದು ಮನೆಗೆ ಹೋಗಕ್ಕಾಗ್ತದಾ? ಕಾಯಿಲೆ ಇದ್ರೆ ಇವನು ಹಾರೋದು ಬೇಡ. ಇಲ್ಲದಿದ್ರೆ ಇಲ್ಲ ಅಂತ ಎದೆ ತೋರಿಸಿ ಹೇಳ್ಲಿ. ಕದ್ದು ಮಾತ್ರ ಹಾರೋದು ಬೇಡ."

ಯಜ್ಞನಾರಾಯಣರು ಛತ್ರಿ ತೆಗೆದುಕೊಂಡು ಹೊರಗೆ ಹೋದರು.

"ಅಮ್ಮ ಹೇಳಿದ ಹಾಗೇ ಮಾಡ್ತೀನಿ," ಎಂದ ಸುಬ್ಬಕೃಷ್ಣ.

ಮಾರನೆಯ ಬೆಳಿಗ್ಗೆಯಿಂದಲೇ ಅವನು ಓಡತೊಡಗಿದ. ಹಳೆಯ ಖಾಕಿ ಚಡ್ಡಿ ಹಾಕಿಕೊಂಡು ಮಳೆಯಲ್ಲೇ ಇಕ್ಕೇರಿಯವರೆಗೆ ಹೋಗಿ ತಿರುಗಿ ಬರುತ್ತಿದ್ದ. ಪೋಸ್ಟ್‌ಮಾಸ್ಟರ ಮಗನಿಗೆ ತಲೆ ಕೆಟ್ಟಿದೆ ಎಂದು ರಸ್ತೆ ಬದಿಯ ಹೋಟೆಲಿನಲ್ಲಿ ಕೂತವರು ನಕ್ಕರು. ಬಂದ ಕೂಡಲೇ ಜಲಜಾಕ್ಷಿ ಅಣ್ಣನ ಮಣಿಕಟ್ಟು ಹಿಡಿದು, ತಂದೆಯ ಗಡಿಯಾರ ನೋಡುತ್ತ ನಾಡಿ ಎಣಿಸುತ್ತಿದ್ದಳು. ನಂತರ ಬಚ್ಚಲ ಹಂಡೆಗೆ ನೀರು ತುಂಬುವುದು, ಹಸಿ ಸೌದೆ ಸೀಳುವುದು ಎಲ್ಲ ಅವನದೇ. ಉಸಿರಿಗೆ ಕೆಲಸ ಕೊಡುವುದು ಯಾವುದಿದ್ದರೂ ಅವನಿಗೇ ಬಿಡಬೇಕೆಂದು ಕಟ್ಟುನಿಟ್ಟಾಗಿ ಹೇಳಿದ್ದ. ಎರಡು ವಾರದಲ್ಲಿ ನಾಡಿ ಅರವತ್ತೆಂಟಕ್ಕೆ ಇಳಿಯಿತು. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದರೂ ಅಕ್ಷರ ಚೆನ್ನಾಗಿ ಕಾಣುತ್ತಿತ್ತು.

ರಂಗಮ್ಮ ಅವನ ಜೊತೆ ಮಾತು ಬಿಟ್ಟಳು. ತನ್ನ ಅವಲಕ್ಕಿ, ಮಜ್ಜಿಗೆ ತಾನೇ ಮಾಡಿಕೊಂಡು ಹಿಂದಿನ ಕೋಣೆಯಲ್ಲಿ ತಿನ್ನುತ್ತಿದ್ದಳು. ತನ್ನ ಮದ್ದನ್ನು ಗಾಂಜಾದ ಸಾಲಿಗೆ ಸೇರಿಸಿದ ಕಾಗದವನ್ನು ಆ ಮನೆಯಲ್ಲಿ ಯಾರೂ ಹರಿದು ಹಾಕಲಿಲ್ಲವಲ್ಲ ಎಂಬುದು ಅವಳ ಸಿಟ್ಟು.

ಐದನೇ ವಾರ ಸುಬ್ಬಕೃಷ್ಣನಿಗೆ ಜ್ವರ ಬಂತು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಕೆಮ್ಮು ಎದೆಗೆ ಇಳಿಯಿತು. ಅವನು ಹಜಾರದ ಕಂಬಕ್ಕೆ ಒರಗಿ ಕೂತು, ಬಾಯಿಯಲ್ಲಿ ಉಸಿರು ಎಳೆಯುತ್ತಿದ್ದ. ರಂಗಮ್ಮ ಬಿಸಿನೀರಿನ ಲೋಟ ಹಿಡಿದು ಬಂದಳು. ಅಂಗೈಯಲ್ಲಿ ಕರಿ ಗುಳಿಗೆ.

"ತಗೋ."

"ಬೇಡ ಅತ್ತೆ."

"ಹಟ ಮಾಡಬೇಡ. ಲೈಸೆನ್ಸು ದೊಡ್ಡದಾ, ಉಸಿರು ದೊಡ್ಡದಾ?"

"ಬೇಡ."

"ಸರಸ್ವತಿ, ನೀನಾದ್ರೂ ಹೇಳು! ಮಗ ಏದುಸಿರು ಬಿಡೋದನ್ನ ನೋಡ್ತಾ ನಿಂತಿದ್ದೀಯಲ್ಲ!"

ಹದಿನೇಳು ವರ್ಷದ ಹಿಂದೆ ಇದೇ ಮಗನನ್ನು ಎದೆಗಾನಿಸಿಕೊಂಡು ರಾತ್ರಿಗಳನ್ನು ಕಳೆದವಳು ಸರಸ್ವತಮ್ಮ. ಅತ್ತಿಗೆಯ ಕೈಯಲ್ಲಿದ್ದ ಗುಳಿಗೆ ನೋಡಿದಳು, ಮಗನ ಮುಖ ನೋಡಿದಳು. ಅವನು ಬೇಡವೆಂದು ತಲೆಯಾಡಿಸಿದ.

"ಜಲಜ, ಛತ್ರಿ ತಾ," ಎಂದಳು. "ಅಣ್ಣನ್ನ ಡಾಕ್ಟ್ರ ಮನೆಗೆ ಕರ್ಕೊಂಡು ಹೋಗು. ಅವರು ಉಬ್ಬಸ ಅಂದ್ರೆ ಈ ಗುಳಿಗೆ ನಾನೇ ಕೊಡ್ತೀನಿ. ಅಲ್ಲಿಗೆ ವಿಮಾನವೂ ಮುಗೀತು."

ರಾಮಚಂದ್ರಪ್ಪ ಊಟ ಮುಗಿಸಿ ಕೂತಿದ್ದರು. ಎದೆಯ ಮೇಲೆ ನಾಲ್ಕು ಕಡೆ, ಬೆನ್ನ ಮೇಲೆ ಆರು ಕಡೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಜೋರಾಗಿ ಊದು ಎಂದರು. ಮತ್ತೆ ಕೇಳಿದರು.

"ಕಫ," ಎಂದರು.

"ಉಬ್ಬಸ ಅಲ್ವಾ ಸಾರ್?" ಎಂದಳು ಜಲಜಾಕ್ಷಿ.

"ಉಬ್ಬಸ ಆದ್ರೆ ಒಳಗೆ ಸಿಳ್ಳೆ ಹಾಕಿದ ಹಾಗೆ ಕೇಳ್ತದೆ. ಇಲ್ಲಿ ಸಿಳ್ಳೆ ಇಲ್ಲ. ಬಾ, ನೀನೇ ಕೇಳು."

ಜಲಜಾಕ್ಷಿ ಕಿವಿಗೆ ಹಾಕಿಕೊಂಡು ಕೇಳಿದಳು. ಕೆರೆಯ ಕೋಡಿಯ ಹಾಗೆ ಗೊರಗೊರ ಸದ್ದು, ಅದರ ಹಿಂದೆ ಅಣ್ಣನ ಎದೆಬಡಿತ. ಸಿಳ್ಳೆ ಇರಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಅಳುತ್ತಿದ್ದಳು. ಸುಬ್ಬಕೃಷ್ಣ ಕೆಮ್ಮುತ್ತ ನಗುತ್ತಿದ್ದ.

ನಾಲ್ಕು ದಿನದಲ್ಲಿ ಜ್ವರ ಬಿಟ್ಟಿತು. ಐದನೆಯ ದಿನ ಅವನು ಹಿಂದಿನ ಕೋಣೆಗೆ ಹೋಗಿ ಅತ್ತೆಯ ಎದುರು ಕೂತ. ಕೈಯಲ್ಲಿ ಜಲಜಾಕ್ಷಿಯ ಹಳೆಯ ಸ್ಲೇಟು. ಅದರ ಮೇಲೆ ಗಡಿಯಾರದ ಹಾಗೆ ಒಂದು ವೃತ್ತ ಬರೆದು, ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ ಹಾಕಿದ. ಒಂದು ಉದ್ದ ಮುಳ್ಳು, ಒಂದು ಗಿಡ್ಡ ಮುಳ್ಳು.

"ಇದು ಎಂತ ಗೊತ್ತಾ ಅತ್ತೆ? ವಿಮಾನ ಎಷ್ಟು ಎತ್ತರದಲ್ಲಿದೆ ಅಂತ ತೋರಿಸೋದು. ಉದ್ದದ್ದು ನೂರು ಅಡಿಯ ಲೆಕ್ಕ, ಗಿಡ್ಡದ್ದು ಸಾವಿರ ಅಡಿಯದ್ದು. ನನ್ನ ಎದುರಿಗೆ, ಇಷ್ಟು ದೂರದಲ್ಲಿ ಇರ್ತದೆ." ಅವನು ಸ್ಲೇಟನ್ನು ಒಂದೂವರೆ ಮೊಳ ದೂರ ಹಿಡಿದ. "ಹೀಗಿರೋದು ಇನ್ನೂ ಏಳೆಂಟು ಇದಾವೆ."

"ಕಿಟಕೀಲಿ ನೋಡ್ಕೊಂಡು ಹೋಗಲ್ವಾ?"

"ಮೋಡದ ಒಳಗೆ ಹೋದ್ರೆ ಕಿಟಕೀಲಿ ಎಂತ ಕಾಣ್ತದೆ? ಇದನ್ನೇ ಓದಬೇಕು. ಆವತ್ತು ಬೆಳಿಗ್ಗೆ ಎರಡು ಗುಳಿಗೆ ತಿಂದು ಹೋದ್ನಲ್ಲ, ಡಾಕ್ಟ್ರು ಕೈಗೆ ಒಂದು ಕಾರ್ಡ್ ಕೊಟ್ಟು ಓದು ಅಂದ್ರು. ಅಕ್ಷರ ಎಲ್ಲಾ ಇರುವೆ ಹರಿದ ಹಾಗೆ ಆಯ್ತು. ಆವತ್ತು ಪರೀಕ್ಷೆ ಇದ್ದಿದ್ದಕ್ಕೆ ಬದುಕಿದೆ. ಹಾರೋ ದಿನ ಆಗಿದ್ರೆ, ಗಿಡ್ಡ ಮುಳ್ಳು ಎರಡರ ಮೇಲಿದೆಯೋ ಮೂರರ ಮೇಲಿದೆಯೋ ಗೊತ್ತಾಗ್ತಿರ್ಲಿಲ್ಲ. ಮಧ್ಯೆ ಒಂದು ಗುಡ್ಡದ ಎತ್ತರ ಇದೆ ಅತ್ತೆ."

ರಂಗಮ್ಮ ಸ್ಲೇಟು ಕೈಗೆ ತೆಗೆದುಕೊಂಡಳು. ಗಿಡ್ಡ ಮುಳ್ಳಿನ ಮೇಲೆ ಬೆರಳಿಟ್ಟಳು.

"ನಿನ್ನ ಮದ್ದು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ," ಎಂದ ಅವನು. "ಅದು ನನ್ನ ಉಳಿಸಿದೆ. ಆದ್ರೆ ಅದು ಮದ್ದು. ಮದ್ದು ತಿಂದಿಲ್ಲ ಅಂತ ನಾನು ಸುಳ್ಳು ಹೇಳ್ದೆ. ಈಗ ಹೋಗಿ ತಿಂದೆ ಅನ್ನಬೇಕು. ಎಂತ ತಿಂದೆ ಅಂತ ಕೇಳಿದ್ರೆ ಹೇಳಕ್ಕೆ ನನ್ನ ಹತ್ರ ಎಂತದೂ ಇಲ್ಲ."

ರಂಗಮ್ಮ ಸ್ಲೇಟನ್ನು ಅವನ ಕೈಗೆ ಕೊಟ್ಟು ಎದ್ದಳು. ಎರಡು ದಿನ ಬಿಟ್ಟು, ತಾನು ತೀರ್ಥಹಳ್ಳಿಗೆ ಹೋಗಬೇಕು, ಜಲಜಳನ್ನು ಜೊತೆಗೆ ಕಳಿಸಿ ಎಂದಳು. ಗಂಡ ಸತ್ತ ಮೇಲೆ ಆ ಮನೆಗೆ ಅವಳು ಹೋದದ್ದು ಎರಡೇ ಸಲ.

ತುಂಗೆಯ ಕಡೆ ಇಳಿಯುವ ಬೀದಿಯಲ್ಲಿದ್ದ ಆ ಮನೆಯಲ್ಲಿ ಈಗ ಅವಳ ಮೈದುನನೇ ಹಿರಿಯ. ಅತ್ತಿಗೆಯನ್ನು ಕಂಡು ಗಾಬರಿಯಾದ. ರಂಗಮ್ಮ ನಿಂತುಕೊಂಡೇ ಕೇಳಿದಳು. "ಮಾವಯ್ಯ ನನ್ನ ಹತ್ರ ಆಣೆ ಹಾಕಿಸಿದ್ರು. ಮದ್ದಿನ ಗುಟ್ಟು ಈ ಮನೆ ದಾಟಬಾರದು ಅಂತ. ಈಗ ಹೇಳಬೇಕಾದ ಕಾಲ ಬಂದಿದೆ. ಈ ಮನೆಯ ಹಿರಿಯ ನೀನು, ಹೌದು ಅನ್ನಬೇಕು."

ಮೈದುನನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಉಬ್ಬಸದ ಮದ್ದಾ? ಅಪ್ಪಯ್ಯ ನಂಗೂ ಹೇಳಿದ್ರು ಅತ್ತಿಗೆ. ಆಣೆಯೂ ಹಾಕಿಸಿದ್ರು. ನಾನು ಮರೆತೇಬಿಟ್ಟೆ. ನಮ್ಮ ಮಕ್ಕಳಿಗೆ ಎಂತಾದ್ರೂ ಆದ್ರೆ ಈಗ ಶಿವಮೊಗ್ಗಕ್ಕೇ ಹೋಗೋದು. ನೀವು ಅದನ್ನ ಇನ್ನೂ ಮಾಡ್ತಿದ್ದೀರಾ?"

ಕಾಫಿ ಕುಡಿಯಿರಿ ಎಂದರೂ ರಂಗಮ್ಮ ನಿಲ್ಲಲಿಲ್ಲ. ಬಸ್ಸು ಹೊಸನಗರ ದಾಟುವವರೆಗೂ ಸೆರಗಿನ ತುದಿ ಮಡಚುತ್ತ ಕೂತಿದ್ದಳು. ನಂತರ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು:

"ಮೂವತ್ತೆರಡು ವರ್ಷ ನಾನೊಬ್ಬಳೇ ಕಾವಲು ಕೂತಿದ್ದೆ ಕಣೇ."

ಜಲಜಾಕ್ಷಿ ಅತ್ತೆಯ ಕೈ ಹಿಡಿದುಕೊಂಡಳು.

ಮನೆಗೆ ಬಂದು ಕಾಲು ತೊಳೆದವಳೇ ರಂಗಮ್ಮ ತಮ್ಮನ ಎದುರು ನಿಂತಳು. "ಯಜ್ಞ, ಬೆಂಗಳೂರಿಗೆ ನಾನೂ ಹೋಗ್ತೀನಿ. ಕಾಗದದಲ್ಲಿ ಬರೆದುಕೊಡಲ್ಲ. ನನ್ನ ಬಾಯಲ್ಲೇ ಹೇಳ್ತೀನಿ, ಆ ಡಾಕ್ಟ್ರ ಎದುರಿಗೆ."

"ನೀನಾ? ಅಲ್ಲಿ ಪರೀಕ್ಷೆ ಮಾಡೋರೆಲ್ಲಾ ಮಿಲಿಟರಿ ಡಾಕ್ಟ್ರು ಅಕ್ಕ. ಇಂಗ್ಲಿಷು ಬಿಟ್ಟು ಮಾತಾಡಲ್ಲ."

"ಉಮ್ಮತ್ತಿಗೆ ಇಂಗ್ಲಿಷಲ್ಲಿ ಎಂತ ಅಂತಾರೋ ಅವರೇ ಬರ್ಕೊಳ್ಲಿ."

ಮೂವತ್ತೆರಡು ವರ್ಷ ಕಾದ ಗುಟ್ಟು ಬಾಯಿಂದ ಬಿದ್ದಿತ್ತು. ಮೊದಲು ನಕ್ಕವಳು ಸರಸ್ವತಮ್ಮ.

ಸೆಪ್ಟೆಂಬರಿನಲ್ಲಿ ಅತ್ತೆ, ಸುಬ್ಬಕೃಷ್ಣ ಇಬ್ಬರೂ ರೈಲು ಹತ್ತಿದರು. ರಂಗಮ್ಮ ಅವಲಕ್ಕಿ, ಬೆಲ್ಲ, ಒಂದು ತಂಬಿಗೆ ಮನೆಯ ನೀರು ಕಟ್ಟಿಕೊಂಡಿದ್ದಳು. ಬಸವನಗುಡಿಯ ನೆಂಟರ ಮನೆಯಲ್ಲಿ ಇಳಿದು, ಬೆಳಿಗ್ಗೆ ಏಳಕ್ಕೆ ಮಂಡಳಿಯ ಬಾಗಿಲಲ್ಲಿ ಕೂತರು. ಬೆಂಚಿನ ಮೇಲೆ ಸಾಲಾಗಿ ಕೂತಿದ್ದ ಯುವಕರ ನಡುವೆ ಕೆಂಪು ಸೀರೆಯ ಮುದುಕಿಯನ್ನು ಕಂಡು ಜವಾನ ಎರಡು ಸಲ ಬಂದು ವಿಚಾರಿಸಿದ.

ಒಳಗಿದ್ದ ಹಿರಿಯ ಅಧಿಕಾರಿ ಮಂಗಳೂರು ಕಡೆಯವರು. ಸುಬ್ಬಕೃಷ್ಣ ನಿಂತುಕೊಂಡು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಬಿಟ್ಟು, ಇದ್ದದ್ದನ್ನು ಹೇಳಿದ.

"ಕಳೆದ ಸಲ ಮದ್ದು ತಗೊಂಡಿಲ್ಲ ಅಂದಿದ್ದೆ ಸರ್. ಅದು ಸುಳ್ಳು. ಚಿಕ್ಕಂದಿನಲ್ಲಿ ಉಬ್ಬಸ ಇತ್ತು. ಅದನ್ನ ಮುಚ್ಚಿಡಕ್ಕೆ ಹಾಗೆ ಹೇಳಿದ್ದೆ."

ಅಧಿಕಾರಿ ಪೆನ್ನು ಕೆಳಗಿಟ್ಟರು. "ಮದ್ದಿನಲ್ಲಿ ಏನೆಲ್ಲ ಉಂಟು?"

"ಮಾಡಿದೋರು ಹೊರಗೆ ಕೂತಿದ್ದಾರೆ ಸರ್."

ರಂಗಮ್ಮ ಒಳಗೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಸೆರಗು ಬಿಗಿಮಾಡಿಕೊಂಡು, ಸಂಕಲ್ಪ ಹೇಳುವ ದನಿಯಲ್ಲಿ ಒಂದೊಂದೇ ಹೆಸರು ಹೇಳಿದಳು. ಹಿಪ್ಪಲಿ, ಶುಂಠಿ, ಆಡುಸೋಗೆಯ ರಸ, ಜೇನು, ಹಾಲಿನಲ್ಲಿ ಬೇಯಿಸಿ ಶುದ್ಧಿ ಮಾಡಿದ ಉಮ್ಮತ್ತಿ ಬೀಜ. ಎಷ್ಟು ಹಾಕುತ್ತಾಳೆ, ಹೇಗೆ ಅರೆಯುತ್ತಾಳೆ ಎಲ್ಲವನ್ನೂ ಹೇಳಿದಳು. ಅಧಿಕಾರಿ ಬರೆದುಕೊಳ್ಳುತ್ತ ಹೋದರು.

"ಇವರಿಗೆ ಕೊನೆಯ ಸಲ ಉಬ್ಬಸ ಬಂದದ್ದು?"

"ಹನ್ನೊಂದನೇ ವರ್ಷದ ಶ್ರಾವಣದಲ್ಲಿ. ಆಮೇಲೆ ಬಂದಿಲ್ಲ. ಆಮೇಲೆ ಕೊಟ್ಟಿದ್ದೆಲ್ಲ ಇವನ ಕಾಯಿಲೆಗಲ್ಲ, ನನ್ನ ಹೆದರಿಕೆಗೆ."

ಅಧಿಕಾರಿ ತಲೆ ಎತ್ತಿ ಅವಳನ್ನು ನೋಡಿದರು.

ಇಡೀ ದಿನ ಪರೀಕ್ಷೆ ನಡೆಯಿತು. ಎದೆಯ ಎಕ್ಸ್‌ರೇ ತೆಗೆದರು. ಮೆಟ್ಟಿಲು ಹತ್ತಿಸಿ ಇಳಿಸಿ ನಾಡಿ ನೋಡಿದರು. ಗಾಜಿನ ಕೊಳವೆಯೊಳಗಿನ ಪಾದರಸವನ್ನು ಊದಿ ನಲವತ್ತರ ಗೆರೆಗೆ ಏರಿಸಿ, ಇಳಿಯದಂತೆ ಹಿಡಿಯಬೇಕಿತ್ತು. ಸುಬ್ಬಕೃಷ್ಣ ಐವತ್ತೆರಡು ಸೆಕೆಂಡು ಹಿಡಿದ. ರಾಮಚಂದ್ರ‍ಪ್ಪನವರು ವಾರವಾರವೂ ಬರೆದಿಟ್ಟ ಹಾಳೆಗಳನ್ನು ಮಂಡಳಿಯ ಡಾಕ್ಟರುಗಳು ಒಬ್ಬೊಬ್ಬರಾಗಿ ಓದಿದರು. ಸಂಜೆ ನಾಲ್ಕಕ್ಕೆ ಇಬ್ಬರನ್ನೂ ಕರೆದರು.

"ಕಣ್ಣು ಸರಿ ಉಂಟು. ಎದೆಯಲ್ಲಿ ನಮಗೆ ದೋಷ ಕಾಣಲಿಲ್ಲ," ಎಂದರು ಅಧಿಕಾರಿ. "ಆದರೆ ಈಗಲೇ ಸರ್ಟಿಫಿಕೇಟ್ ಇಲ್ಲ. ಇನ್ನು ಆರು ತಿಂಗಳು, ಚಳಿಗಾಲವೂ ಕಳೆಯಲಿ. ಮಾರ್ಚಿನಲ್ಲಿ ಬನ್ನಿ. ಅಲ್ಲಿಯವರೆಗೆ ಹಾರುವ ಹಾಗಿಲ್ಲ. ಸುಳ್ಳು ಹೇಳಿದ್ದನ್ನು ದಾಖಲೆಯಲ್ಲಿ ಬರೆದಿದ್ದೇವೆ."

"ನಿಜ ಹೇಳಿದ್ದಕ್ಕೆ ಶಿಕ್ಷೆಯಾ?" ಎಂದಳು ರಂಗಮ್ಮ.

"ಅಲ್ಲ ಅಮ್ಮ. ನಿಜ ಹೇಳಿದ್ದಕ್ಕೇ ಮಾರ್ಚಿನಲ್ಲಿ ಬನ್ನಿ ಅಂತ ಹೇಳಿದ್ದು. ನಾವೇ ಕಂಡುಹಿಡಿದಿದ್ದರೆ ಇನ್ನು ಬರುವುದೇ ಬೇಡ ಅಂತ ಬರೆಯುತ್ತಿದ್ದೆವು."

ಸಾಗರಕ್ಕೆ ಬಂದು ಹೇಳಿದಾಗ ಯಜ್ಞನಾರಾಯಣರು ಕೂಗಾಡಿದರು. ಸುಬ್ಬಕೃಷ್ಣನ ಜೊತೆ ಕಲಿತ ಇಬ್ಬರಿಗೆ ಆಗಲೇ ವಿಮಾನ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. "ಅವರು ಮೇಲೆ ಹಾರ್ತಾರೆ. ನೀನು ಇಲ್ಲಿ ಸೌದೆ ಸೀಳು!" ಎಂದರು.

"ಸೀಳ್ತೀನಿ ಅಪ್ಪಯ್ಯ. ಮಾರ್ಚ್ ತನಕ ತಾನೇ?" ಎಂದ ಮಗ.

ಹದಿನೈದು ದಿನ ಅಪ್ಪ ಮಗ ಒಂದೇ ಪಂಕ್ತಿಯಲ್ಲಿ ಕೂತು ಉಂಡರೂ ಮಾತಿರಲಿಲ್ಲ. ಹದಿನಾರನೆಯ ದಿನ ಯಜ್ಞನಾರಾಯಣರು ಹುಳಿ ಕಲಸುತ್ತ, ಯಾರಿಗೋ ಹೇಳುವಂತೆ ಹೇಳಿದರು: "ಹೊಸನಗರದ ಮಾಧ್ಯಮಿಕ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು ಆರು ತಿಂಗಳು ರಜಾ ಹಾಕಿದ್ದಾರಂತೆ. ಹೆಡ್‌ಮಾಸ್ಟರ್ ಮಂಜುನಾಥಪ್ಪ ನನ್ನ ಜೊತೆ ಓದಿದೋನು. ಮೊನ್ನೆ ಹೋಗಿ ಮಾತಾಡಿ ಬಂದೆ."

ಮೊನ್ನೆ ಅವರು ಆಫೀಸಿನ ಕೆಲಸವೆಂದು ಹೇಳಿ ಇಡೀ ದಿನ ಬಸ್ಸಿನಲ್ಲಿ ತಿರುಗಿ ಬಂದಿದ್ದರು.

"ಯಾವಾಗಿಂದ ಹೋಗ್ಲಿ?" ಎಂದ ಸುಬ್ಬಕೃಷ್ಣ.

"ಸೋಮವಾರ. ಹೋಗೋಕೆ ಮುಂಚೆ ಕ್ಷೌರ ಮಾಡಿಸ್ಕೋ."

ಮಾರ್ಚಿನವರೆಗೆ ಅವನು ಹೊಸನಗರದಲ್ಲಿ ಲೆಕ್ಕ ಕಲಿಸಿದ. ಒಂದು ಕೋಣೆ ಹಿಡಿದು, ತಾನೇ ಗಂಜಿ ಬೇಯಿಸಿಕೊಂಡ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಬಂದವನು ರಾಮಚಂದ್ರಪ್ಪನವರಿಗೆ ಎದೆ ತೋರಿಸಿಯೇ ಮನೆಗೆ ಬರುತ್ತಿದ್ದ. ಚಳಿ ಬಂತು, ಹೋಯಿತು. ಸಿಳ್ಳೆ ಕೇಳಲಿಲ್ಲ.

ಸಂಕ್ರಾಂತಿ ಕಳೆದು ವರದಮೂಲದ ಕಡೆಯ ಕೆರಿಯಮ್ಮ ರಂಗಮ್ಮನ ಬಾಗಿಲಿಗೆ ಬಂದಳು. "ನಮ್ಮನೆಯೋರಿಗೆ ದಮ್ಮು ಜಾಸ್ತಿ ಆಗೈತೆ ಅಮ್ಮಾ, ಗುಳಿಗೆ ಕೊಡಿ."

"ನಿನ್ನ ಗಂಡ ಮರ ಹತ್ತೋನಲ್ವಾ?"

"ಹೌದು, ಅಡಿಕೆ ಕೊನೆ ತೆಗೆಯೋಕೆ ಹೋಗ್ತಾರೆ."

"ಹಾಗಾದ್ರೆ ಕೊಡಲ್ಲ. ಇದರಲ್ಲಿ ಉಮ್ಮತ್ತಿ ಇದೆ ಕೆರಿಯಮ್ಮ. ಕಣ್ಣು ಮಬ್ಬಾಗ್ತದೆ, ತಲೆ ತಿರುಗ್ತದೆ. ಡಾಕ್ಟ್ರ ಹತ್ರ ಕರ್ಕೊಂಡು ಹೋಗು. ನಡಿ, ನಾನೂ ಬರ್ತೀನಿ."

ಅವಳು ಸೆರಗು ಹೊದ್ದು ಮುಂದೆ ನಡೆದದ್ದನ್ನು ಸರಸ್ವತಮ್ಮ ಅಡಿಗೆಮನೆಯ ಕಿಟಕಿಯಿಂದ ನೋಡಿದಳು.

ಮಾರ್ಚಿನಲ್ಲಿ ಸುಬ್ಬಕೃಷ್ಣ ಒಬ್ಬನೇ ಬೆಂಗಳೂರಿಗೆ ಹೋದ. ಮೂರನೆಯ ದಿನ ಹಿಂದಿರುಗಿ, ಪೋಸ್ಟಾಫೀಸಿನ ಕೌಂಟರಿನ ಮುಂದೆ ನಿಂತು ತಂದೆಯ ಕೈಗೆ ಹಾಳೆ ಕೊಟ್ಟ. ಪ್ರಥಮ ದರ್ಜೆಗೆ ಅರ್ಹ, ಆರು ತಿಂಗಳಿಗೊಮ್ಮೆ ಮರುಪರೀಕ್ಷೆ, ಮಂಡಳಿಗೆ ತಿಳಿಸದೆ ಯಾವ ಔಷಧವನ್ನೂ ತೆಗೆದುಕೊಳ್ಳಬಾರದು. ಯಜ್ಞನಾರಾಯಣರು ಎರಡು ಸಲ ಓದಿದರು. ಸಾಲಿನಲ್ಲಿ ನಿಂತವರು ಸ್ಟಾಂಪಿಗೆ ಕಾಯುತ್ತಿದ್ದರು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಮನೆಗೆ ಹೋಗಿ ಅಮ್ಮನಿಗೆ ಹೇಳು, ಓಡು," ಎಂದರು.

ಜಕ್ಕೂರಿನಲ್ಲಿ ಮತ್ತೆ ಕೆಲವು ಗಂಟೆ ಹಾರಿ ಕೈ ಪಳಗಿಸಿಕೊಳ್ಳಬೇಕಿತ್ತು. ನಂತರ ಲೈಸೆನ್ಸು, ನಂತರ ಕೆಲಸಕ್ಕೆ ಅರ್ಜಿ. ಮುಂದಿನ ಸೋಮವಾರ ಬೆಳಗಿನ ರೈಲಿಗೆ ಮನೆಮಂದಿಯೆಲ್ಲ ಸ್ಟೇಷನ್ನಿಗೆ ಬಂದರು. ಜಲಜಾಕ್ಷಿ ಟ್ರಂಕನ್ನು ಸೀಟಿನ ಕೆಳಗೆ ತಳ್ಳಿ ಇಳಿದಳು. ಸರಸ್ವತಮ್ಮ ಮಗನ ಅಂಗಿಯ ಕಾಲರು ಸರಿಮಾಡಿದಳು. ಕೊನೆಗೆ ರಂಗಮ್ಮ ಕಿಟಕಿಯ ಹತ್ತಿರ ಬಂದು, ಬಾಳೆಲೆಯಲ್ಲಿ ಕಟ್ಟಿದ ಒಂದು ಪೊಟ್ಟಣವನ್ನು ಅವನ ತೊಡೆಯ ಮೇಲಿಟ್ಟಳು.

ಅವನು ಪೊಟ್ಟಣ ನೋಡಿದ, ಅತ್ತೆಯನ್ನು ನೋಡಿದ.

"ಉಂಡೆ," ಎಂದಳು ರಂಗಮ್ಮ. "ಹುರಿದ ಹೆಸರುಬೇಳೆ, ಬೆಲ್ಲ, ತುಪ್ಪ, ಏಲಕ್ಕಿ. ನಾಲ್ಕು ಗೋಡಂಬಿ. ಬೇರೆ ಎಂತದೂ ಇಲ್ಲ. ಬೇಕಾದ್ರೆ ಬರೆದುಕೊಡ್ಲಾ?"

"ಬಿಡು ಅಕ್ಕ, ರೈಲು ಹೊರಟಿತು," ಎಂದರು ಯಜ್ಞನಾರಾಯಣರು.

ರೈಲು ನಿಜವಾಗಿಯೂ ಹೊರಟಿತ್ತು. ಸುಬ್ಬಕೃಷ್ಣ ಪೊಟ್ಟಣ ಬಿಚ್ಚಿ, ಅವರೆಲ್ಲ ನೋಡುತ್ತಿರುವಂತೆಯೇ ಒಂದು ಉಂಡೆ ಬಾಯಿಗೆ ಹಾಕಿಕೊಂಡ.